ಆರನೆಯ ಅಧ್ಯಾಯದ ದೊಡ್ಡಮ್ಮ

ಅರಣ್ಯ ಇಲಾಖೆಯ ಅತಿಥಿಗೃಹದ ಹಜಾರದಲ್ಲಿ, ಊಟದ ಮೇಜಿನ ಎದುರು ಗೋಡೆಗೆ, ಒಂದು ಕಪ್ಪು ಬಿಳುಪು ಫೋಟೊ ತೂಗುಹಾಕಿದ್ದಾರೆ. ಹೊಳೆಯ ದಂಡೆಯಲ್ಲಿ ಇಪ್ಪತ್ತರ ಹೆಣ್ಣೊಬ್ಬಳು ಕುಕ್ಕರುಗಾಲಲ್ಲಿ ಕೂತು ಗೆಡ್ಡೆ ತೊಳೆಯುತ್ತಿದ್ದಾಳೆ. ಕೆಳಗೆ ‘ಕಾಡಿನ ಮಗಳು’ ಎಂದು ಬರೆದಿದೆ. ಆ ಫೋಟೊದ ಗಾಜನ್ನು ಹತ್ತೊಂಬತ್ತು ವರ್ಷಗಳಿಂದ ದಿನಾ ಬೆಳಿಗ್ಗೆ ಒರೆಸುವವಳು ನನ್ನ ದೊಡ್ಡಮ್ಮ. ಫೋಟೊದಲ್ಲಿರುವವಳೂ ಅವಳೇ. ಬಂದ ಅತಿಥಿಗಳು ಅದನ್ನು ನೋಡಿ ‘ಎಂಥ ಕಣ್ಣು’ ಅನ್ನುತ್ತಾರೆ. ಆಮೇಲೆ ತಿರುಗಿ, ‘ಏನಮ್ಮ, ಬಚ್ಚಲಲ್ಲಿ ನೀರು ಬರ್ತಿಲ್ಲ, ನೋಡು’ ಅನ್ನುತ್ತಾರೆ. ದೊಡ್ಡಮ್ಮ ಹೋಗಿ ನೋಡುತ್ತಾಳೆ.

‘ಇದು ನಾನೇ ಅಂತ ಒಂದು ಸಲ ಹೇಳ್ಬಾರ್ದಾ?’ ಎಂದು ನಾನು ರೇಗಿದ್ದುಂಟು.

‘ಹೇಳಿದ್ರೆ ಅವರೇ ಬಚ್ಚಲು ತೊಳ್ಕೋತಾರಾ?’ ಅಂದಳು.

ನಮ್ಮ ಜನರಲ್ಲಿ ಹೊರಗಿನವರ ಮಾತು ಮೊದಲು ಕಲಿತವಳು ದೊಡ್ಡಮ್ಮ. ಒಂಬತ್ತನೆಯ ವಯಸ್ಸಿಗೆ ರಸ್ತೆ ಕೆಲಸದವರ ಬಿಡಾರದಲ್ಲಿ ಪಾತ್ರೆ ತಿಕ್ಕಲು ಸೇರಿದವಳು, ಬೈಗುಳದಿಂದ ಶುರುಮಾಡಿ ಅವರ ಭಾಷೆಯನ್ನೆಲ್ಲ ಕಲಿತುಬಿಟ್ಟಳು. ಹದಿನೆಂಟಕ್ಕೆ ಮದುವೆಯಾಯಿತು. ಗಂಡ ಅದೇ ರಸ್ತೆ ಕೆಲಸದವರ ಹಿಂದೆ ಹೋದವನು, ರಸ್ತೆ ಮುಗಿದರೂ ಬರಲಿಲ್ಲ. ಅವಳಿಗೆ ಇಪ್ಪತ್ತಾದಾಗ, ಬೆನ್ನಿಗೆ ಚೀಲ, ಕೊರಳಿಗೆ ಟೇಪ್ ರೆಕಾರ್ಡರ್ ನೇತುಹಾಕಿಕೊಂಡು ಒಬ್ಬ ಸಂಶೋಧಕ ಬಂದ. ನಮ್ಮ ಬದುಕನ್ನು ಅಧ್ಯಯನ ಮಾಡುತ್ತಾನಂತೆ. ಎರಡು ವರ್ಷ ಹೊಳೆಯ ಪಕ್ಕ ಡೇರೆ ಹಾಕಿಕೊಂಡಿದ್ದ. ಜೇನು ಕಿತ್ತರೆ ‘ಯಾಕೆ?’, ಮಗು ಅತ್ತರೆ ‘ಯಾಕೆ?’, ಮಳೆ ನಿಂತರೂ ‘ಯಾಕೆ?’. ನಮ್ಮವರು ಅವನಿಗೆ ‘ಯಾಕಪ್ಪ’ ಎಂದೇ ಹೆಸರಿಟ್ಟರು. ಎದುರಿಗೆ ಮಾತ್ರ ಮೇಷ್ಟ್ರೇ ಅನ್ನುತ್ತಿದ್ದರು. ಅವನಿಗೆ ದುಭಾಷಿಯಾದವಳು ದೊಡ್ಡಮ್ಮ.

ಆಗ ನಮ್ಮ ಹಾಡಿಗೆ ಹಿರಿಯನಾಗಿದ್ದವನು ನನ್ನ ಮುತ್ತಜ್ಜ. ಅವನು ದೊಡ್ಡಮ್ಮನನ್ನು ಕೂರಿಸಿಕೊಂಡು ಒಂದೇ ಮಾತು ಹೇಳಿದ್ದ. ‘ಗೆಡ್ಡೆ ಎಲ್ಲಿ ಸಿಗತ್ತೆ ಹೇಳು, ಜಗಳ ಯಾಕಾಯ್ತು ಹೇಳು, ಯಾರು ಯಾರನ್ನ ಕಟ್ಕೊಂಡ್ರು ಅಂತ ಬೇಕಾದ್ರೂ ಹೇಳು. ಸತ್ತವರನ್ನ ಎಲ್ಲಿ ಮಲಗಿಸಿದ್ದೀವಿ ಅಂತ ಮಾತ್ರ ಬಾಯಿ ಬಿಡ್ಬೇಡ.’

ಅದಕ್ಕೆ ಕಾರಣವಿತ್ತು. ಮುತ್ತಜ್ಜ ಹುಡುಗನಾಗಿದ್ದಾಗ ಇನ್ನೊಂದು ಗುಂಪು ಬಂದಿತ್ತಂತೆ, ಮರದ ಪೆಟ್ಟಿಗೆಗಳ ಸಮೇತ. ಅವರು ನಗುನಗುತ್ತಲೇ ಇದ್ದು, ಹೋಗುವ ಮುಂಚೆ ಗುಡ್ಡದ ಮೇಲಿನ ಮಣ್ಣು ಅಗೆದು, ಹದಿನಾಲ್ಕು ತಲೆಬುರುಡೆ ಪೆಟ್ಟಿಗೆಗೆ ತುಂಬಿಕೊಂಡು ಹೋದರು. ಎಲ್ಲೋ ಅಳತೆ ಮಾಡಿ ಸಾಲಾಗಿ ಇಟ್ಟಿದ್ದಾರಂತೆ. ಅದರಲ್ಲಿ ಒಂದು ಮುತ್ತಜ್ಜನ ತಾಯಿಯದು. ಅಂದಿನಿಂದ ನಮ್ಮವರು ದಿಬ್ಬ ಮಾಡುವುದನ್ನು ಬಿಟ್ಟರು. ನೆಲಕ್ಕೆ ಸಮವಾಗಿ ಮುಚ್ಚಿ, ತಲೆಯ ಕಡೆ ಒಂದು, ಕಾಲಿನ ಕಡೆ ಒಂದು ಹೊಳೆಗಲ್ಲು ಹುಗಿದು, ಮೇಲೆ ತರಗೆಲೆ ಎಳೆದು ಬರುತ್ತಿದ್ದರು. ಗುಡ್ಡದ ಮೇಲೆ ಹೊಳೆಗಲ್ಲು ತಾನಾಗಿ ಇರುವುದಿಲ್ಲ. ಗೊತ್ತಿದ್ದವರಿಗೆ ಅಷ್ಟೇ ಸಾಕು.

ಯಾಕಪ್ಪ ಒಂದು ದಿನ ಆ ಪ್ರಶ್ನೆಯನ್ನೂ ಕೇಳಿದ. ದೊಡ್ಡಮ್ಮ ಕಣ್ಣು ಮಿಟುಕಿಸದೆ ಹೇಳಿದಳು, ‘ನಾವು ಮಣ್ಣು ಮಾಡಲ್ಲ. ಕಾಡಿಗೆ ಬಿಟ್ಟು ಮುಂದಕ್ಕೆ ಹೋಗ್ತೀವಿ. ಇಂಥದೇ ಜಾಗ ಅಂತ ಇಲ್ಲ.’

ಅವನ ಪುಸ್ತಕದ ಆರನೆಯ ಅಧ್ಯಾಯ ಈ ಮೂರು ಮಾತಿನಿಂದ ಹುಟ್ಟಿದ್ದು. ಅಧ್ಯಾಯದ ಹೆಸರು ‘ಸಮಾಧಿಯಿಲ್ಲದ ಜನ’. ಭೂಮಿಯನ್ನು ನನ್ನದು ಅನ್ನದವರು, ಸತ್ತವರಿಗೂ ಅಂಟಿಕೊಳ್ಳದವರು, ಹಕ್ಕಿಯ ಹಾಗೆ ಬಂದು ಹಕ್ಕಿಯ ಹಾಗೆ ಹೋಗುವವರು ಎಂದೆಲ್ಲ ಮೂವತ್ತೆಂಟು ಪುಟ ಬರೆದ. ಅದರಿಂದ ಅವನು ದೊಡ್ಡ ಪ್ರೊಫೆಸರಾದ. ಆಮೇಲೆ ಅವನ ವಿದ್ಯಾರ್ಥಿಗಳು ತಂಡತಂಡವಾಗಿ ಬಂದು, ನಮ್ಮನ್ನು ನೋಡಿ, ‘ನಿಮ್ಮಿಂದ ನಾವು ಕಲೀಬೇಕು’ ಎಂದು ನಿಟ್ಟುಸಿರು ಬಿಟ್ಟು ಹೋಗುತ್ತಿದ್ದರು. ಕಲಿತವರು ಇಲಾಖೆಯವರು. ಹಕ್ಕಿಗೆ ಯಾವ ಕೊಂಬೆಯಾದರೇನು ಎಂದುಕೊಂಡು, ಇಪ್ಪತ್ತೆರಡು ವರ್ಷದ ಹಿಂದೆ ನಮ್ಮೆಲ್ಲರನ್ನೂ ಲಾರಿಗೆ ತುಂಬಿ ಕಾಡಿನ ಹೊರಗೆ, ತಗಡಿನ ಮನೆಗಳ ಕಾಲನಿಗೆ ತಂದು ಸುರಿದರು. ಆಗ ನನಗೆ ಹದಿಮೂರು. ಸುತ್ತ ಬೇಲಿ ಬಿತ್ತು. ಒಳಗೆ ಹೋಗಬೇಕಾದರೆ ಪಾಸು ಬೇಕು, ಪಾಸು ಸಿಗುವುದು ಪ್ರವಾಸಿಗಳಿಗೆ.

ನಾನು ಓದಿ ಶಾಲಾ ಶಿಕ್ಷಕಿಯಾದೆ. ಹೊಸ ಕಾನೂನೊಂದು ಬಂತು. ಕಾಡಿನಿಂದ ಹೊರಹಾಕಿಸಿಕೊಂಡವರು ತಮ್ಮ ಹಿರಿಯರನ್ನು ಅಲ್ಲೇ ಮಣ್ಣು ಮಾಡಿದ್ದನ್ನು ತೋರಿಸಿದರೆ, ಆ ಜಾಗಕ್ಕೆ ಹೋಗಿಬರುವ, ತಮ್ಮವರನ್ನು ಅಲ್ಲೇ ಮಲಗಿಸುವ ಹಕ್ಕು ಸಿಗುತ್ತದೆ. ಅರ್ಜಿ ಬರೆದವಳು ನಾನು. ದೊಡ್ಡಮ್ಮನ ಅಣ್ಣ, ನನ್ನ ಸೋದರಮಾವ, ಅದಕ್ಕೆ ಹೆಬ್ಬೆಟ್ಟು ಒತ್ತಿದ. ಸತ್ತವರನ್ನು ತೋರಿಸುವುದೋ ಬೇಡವೋ ಎಂದು ಕಾಲನಿಯವರು ಮೂರು ದಿನ ಕೂತು ಜಗಳವಾಡಿ, ಕಡೆಗೆ ತೋರಿಸೋಣ ಅಂದರು. ದೊಡ್ಡಮ್ಮ ಆ ಮೂರು ದಿನವೂ ಮಾತಾಡಲಿಲ್ಲ. ಅವಳಿಗೂ ಅರವತ್ತೊಂದಾಗಿತ್ತು, ಅವಳ ಮನಸ್ಸಿನಲ್ಲಿದ್ದದ್ದು ತಾನೆಲ್ಲಿ ಮಲಗುವುದು ಅನ್ನುವುದು ಎಂದು ನಾನು ಅಂದುಕೊಂಡೆ.

ವಿಚಾರಣೆಯ ಮೊದಲ ದಿನ ಇಲಾಖೆಯ ವಕೀಲ ಎದ್ದು ನಿಂತು ಚೀಲದಿಂದ ತೆಗೆದದ್ದು ಅದೇ ಪುಸ್ತಕ. ದೊಡ್ಡಮ್ಮನ ಪೆಟ್ಟಿಗೆಯಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟ, ಬಂಧುಬಳಗಕ್ಕೆಲ್ಲ ತನ್ನ ಫೋಟೊ ತೋರಿಸಲು ಮಾತ್ರ ತೆರೆಯುತ್ತಿದ್ದ ಪುಸ್ತಕ. ಆರನೆಯ ಅಧ್ಯಾಯದ ಅನುವಾದವನ್ನು ಅವನು ನಿಧಾನವಾಗಿ ಓದಿದ. ದೊಡ್ಡಮ್ಮ ಎದ್ದು ನಿಂತು, ‘ಅದು ನಾನು ಹೇಳಿದ ಸುಳ್ಳು, ಸ್ವಾಮಿ’ ಅಂದಳು.

ವಿಚಾರಣಾಧಿಕಾರಿ ಕನ್ನಡಕ ತೆಗೆದ. ‘ಆಗ ಹೇಳಿದ್ದು ಸುಳ್ಳೋ, ಈಗ ಹೇಳ್ತಿರೋದು ಸುಳ್ಳೋ? ನಾನು ಯಾವುದನ್ನ ನಂಬಲಿ?’

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರಲ್ಲ, ಹಾಗಾಯಿತು ನಮ್ಮ ಗತಿ. ಒಂದು ಸಲ ಗುಡ್ಡಕ್ಕೆ ಬಂದು ಹೊಳೆಗಲ್ಲು ನೋಡಿ ಎಂದು ನಾನು ಅಂಗಲಾಚಿದೆ. ಅಧಿಕಾರಿ ಕೆಟ್ಟವನೇನಲ್ಲ. ಪುಸ್ತಕ ಬರೆದವರನ್ನೇ ಕರೆಸೋಣ, ಈಕೆ ತಪ್ಪು ಹೇಳಿರಬಹುದು ಅಂತ ಅವರು ಒಂದು ಮಾತು ಅಂದರೆ ಸಾಕು, ನಾನೇ ಬಂದು ನೋಡುತ್ತೇನೆ ಅಂದ. ನಮಗೆ ಹೋದ ಜೀವ ಬಂದ ಹಾಗಾಯಿತು. ಯಾಕಪ್ಪ ನಮ್ಮವನಲ್ಲವೇ?

ಅವನನ್ನು ಇಳಿಸಿದ್ದು ಅದೇ ಅತಿಥಿಗೃಹದಲ್ಲಿ. ವಿಚಾರಣೆಯ ಹಿಂದಿನ ದಿನ ಮಧ್ಯಾಹ್ನ ದೊಡ್ಡಮ್ಮ ಚಹಾದ ತಟ್ಟೆ ಹಿಡಿದು ಅವನ ಕೋಣೆಗೆ ಹೋದಳು, ಹಿಂದೆ ನಾನು. ಅವನ ಕೈಯಲ್ಲಿ ಕೋಲು, ತಲೆಯೆಲ್ಲ ಬೆಳ್ಳಗೆ. ಅವಳನ್ನು ನೋಡಿದ್ದೇ ಅವನ ಕಣ್ಣು ತುಂಬಿತು. ಅವಳ ಎರಡೂ ಕೈ ಹಿಡಿದುಕೊಂಡು ಕೂರಿಸಿದ. ಆ ಕುರ್ಚಿಗಳ ಧೂಳನ್ನು ಹತ್ತೊಂಬತ್ತು ವರ್ಷ ಹೊಡೆದವಳು ಅದರಲ್ಲಿ ಕೂತದ್ದು ಅಂದೇ ಮೊದಲು. ಇವನು ಒಳ್ಳೆಯವನು ಎಂದು ನನಗೂ ಅನ್ನಿಸಿತು. ಆ ಅನ್ನಿಸಿಕೆಗೆ ಇವತ್ತಿಗೂ ನನ್ನ ಮೇಲೆ ನನಗೆ ಸಿಟ್ಟಿದೆ.

‘ಮೇಷ್ಟ್ರೇ, ನಾನು ನಿಮಗೆ ಒಂದು ಸುಳ್ಳು ಹೇಳಿದ್ದೆ’ ಅಂದಳು ದೊಡ್ಡಮ್ಮ.

ಹೇಳಿದಳು, ತಲೆಬುರುಡೆಯ ಪೆಟ್ಟಿಗೆಗಳಿಂದ ಹಿಡಿದು ಎಲ್ಲವನ್ನೂ. ಅವನು ಮೊದಲು ನಕ್ಕ. ‘ನಿನಗೆ ವಯಸ್ಸಾಯ್ತು, ಏನೇನೋ ಕಲಸಿಕೊಂಡಿದ್ದೀಯ. ನನ್ನ ಹತ್ರ ಟೇಪು ಇದೆ.’

‘ಟೇಪಲ್ಲಿರೋದೂ ನಾನೇ ಅಲ್ವಾ? ನಿಮ್ಮ ದಿನಚರಿ ತಂದಿದ್ದೀರಲ್ಲ, ತೆಗೀರಿ. ಆ ಪ್ರಶ್ನೆ ಕೇಳೋಕೆ ಹನ್ನೆರಡು ದಿನ ಮುಂಚೆ ನಾನು ಕೆಲಸಕ್ಕೆ ಬಂದಿರಲಿಲ್ಲ. ನೋಡಿ.’

ಅವನು ಹಳೆಯ ದಿನಚರಿಯ ಹಾಳೆ ತಿರುವಿದ. ಬೆರಳು ಒಂದು ಕಡೆ ನಿಂತಿತು. ‘ನಾಲ್ಕು ದಿನ ಬಂದಿಲ್ಲ. ಜ್ವರವಂತೆ’ ಎಂದು ಓದಿದ.

‘ಜ್ವರ ನನಗಲ್ಲ, ನನ್ನ ಮಗಳಿಗೆ. ಐದು ತಿಂಗಳ ಕೂಸು, ಹಾಡಿಯಲ್ಲೇ ಬಿಟ್ಟು ಬರ್ತಿದ್ದೆ. ನಾಲ್ಕನೇ ದಿನ ಗುಡ್ಡದ ಮೇಲೆ ಮಲಗಿಸಿ ಬಂದ್ವಿ. ನೀವು ಆ ಪ್ರಶ್ನೆ ಕೇಳಿದಾಗ ನನ್ನೆದೆಯಲ್ಲಿ ಇನ್ನೂ ಹಾಲಿತ್ತು, ಮೇಷ್ಟ್ರೇ. ಬಟ್ಟೆ ಒದ್ದೆಯಾಗಿತ್ತು. ನೀವು ಬರ್ಕೋತಾ ಇದ್ರಿ, ನೋಡ್ಲಿಲ್ಲ.’

ಅವಳಿಗೆ ಮಗಳಿದ್ದಳು ಎಂದು ನನಗೆ ಗೊತ್ತಾದದ್ದು ಆ ಕ್ಷಣ. ನನ್ನ ಹಾಗೆ ಮದುವೆಯಾಗದವರಿಗೆ ನಮ್ಮಲ್ಲಿ ಆ ಜಾಗವನ್ನೂ ತೋರಿಸುವುದಿಲ್ಲ, ಅಲ್ಲಿರುವವರ ಸುದ್ದಿಯನ್ನೂ ಆಡುವುದಿಲ್ಲ. ಅಲ್ಲಿ ಮಲಗಬೇಕೆಂದು ಅವಳು ಯಾಕೆ ಹಂಬಲಿಸುತ್ತಿದ್ದಳು ಅನ್ನುವುದೂ ಆಗಲೇ ತಿಳಿಯಿತು.

ಯಾಕಪ್ಪ ದಿನಚರಿ ಮುಚ್ಚಿ ಅದರ ಮೇಲೆ ಕೈಯಿಟ್ಟುಕೊಂಡ. ‘ನಲವತ್ತು ವರ್ಷ ಇದನ್ನೇ ಪಾಠ ಮಾಡಿದ್ದೀನಿ ನಾನು’ ಅಂದ.

‘ಅದೆಲ್ಲ ಹಾಗೇ ಇರಲಿ. ತಪ್ಪಿರಬಹುದು ಅಂತ ನಾಳೆ ಒಂದು ಮಾತು ಹೇಳಿ ಸಾಕು. ಸುಳ್ಳು ಹೇಳಿದ್ದು ನಾನು, ಬೈಯೋದಾದ್ರೆ ನನ್ನ ಬೈಯಲಿ.’

‘ನೋಡೋಣ’ ಅಂದ. ಚಹಾ ಆರಿಹೋಗಿತ್ತು. ದೊಡ್ಡಮ್ಮ ಲೋಟ ಎತ್ತಿಕೊಂಡು ಬಂದು ತೊಳೆದಿಟ್ಟಳು. ‘ಹೇಳ್ತಾನೆ ಕಣೆ’ ಅಂದಳು ನನಗೆ, ‘ಕೆಟ್ಟವನಲ್ಲ.’

ಮರುದಿನ ವಿಚಾರಣೆಯ ಕೋಣೆ ಕಿಕ್ಕಿರಿದಿತ್ತು. ಸೋದರಮಾವನಿಗೆ ನಮ್ಮ ಮಾತು ಬಿಟ್ಟು ಬೇರೆ ತಿಳಿಯದು, ಅದಕ್ಕೆ ದೊಡ್ಡಮ್ಮ ಬೆಂಚಿನ ಮೇಲೆ ಅವನ ಪಕ್ಕ ಕೂತು ಒಂದೊಂದೇ ಮಾತನ್ನು ತಿರುಗಿಸಿ ಹೇಳುತ್ತಿದ್ದಳು. ಈ ಜನರ ಬಗ್ಗೆ ತನಗೆ ಎಷ್ಟು ಪ್ರೀತಿ ಎಂದು ಯಾಕಪ್ಪ ಹತ್ತು ನಿಮಿಷ ಹೇಳಿದ. ಅಧಿಕಾರಿ ತಾಳ್ಮೆಯಿಂದ ಕೇಳಿಸಿಕೊಂಡು, ‘ಆಕೆ ಆಗ ನಿಮಗೆ ಸುಳ್ಳು ಹೇಳಿರೋ ಸಾಧ್ಯತೆ ಇದೆಯಾ?’ ಅಂದ.

ಯಾಕಪ್ಪ ದೊಡ್ಡಮ್ಮನನ್ನೇ ನೋಡಿದ. ಆ ನೋಟದಲ್ಲಿ ಪ್ರೀತಿಯೇ ಇತ್ತು, ನನ್ನ ಹೊಟ್ಟೆ ಉರಿಸುವುದೂ ಅದೇ. ‘ಇಲ್ಲ’ ಅಂದ. ‘ಎರಡು ವರ್ಷ ಆಕೆಯ ಒಂದೊಂದು ಮಾತನ್ನೂ ಮೂರು ಮೂರು ಸಲ ಪರೀಕ್ಷೆ ಮಾಡಿದ್ದೀನಿ. ಆಕೆಯಷ್ಟು ಸತ್ಯವಂತರನ್ನ ನಾನು ನೋಡಿಲ್ಲ. ಈಗ ಪಾಪ, ಯಾರೋ ಹೇಳಿಕೊಟ್ಟಿದ್ದಾರೆ.’

‘ನಿಮ್ಮ ದಿನಚರಿಯಲ್ಲಿ ಇದಕ್ಕೆ ವಿರುದ್ಧವಾಗಿ ಏನಾದ್ರೂ?’

‘ಏನೂ ಇಲ್ಲ.’

ದಿನಚರಿ ತೆಗೆಸಿ ನೋಡಿ ಎಂದು ನಾನು ಎದ್ದು ಕೂಗಿದೆ. ಹೇಳಿಕೊಟ್ಟವಳು ನಾನೇ ಅನ್ನುವ ಹಾಗೆ ಎಲ್ಲರ ಮುಖ ನನ್ನ ಕಡೆ ತಿರುಗಿತು. ಕೂತ್ಕೊಳ್ಳಿ ಅಂದರು. ಸೋದರಮಾವ ತಂಗಿಯ ಮೊಣಕೈ ಅಲ್ಲಾಡಿಸಿ ‘ಏನಂದ? ಏನಂದ?’ ಅನ್ನುತ್ತಿದ್ದ. ದೊಡ್ಡಮ್ಮ ಒಂದಕ್ಷರ ಬಿಡದೆ ತಿರುಗಿಸಿ ಹೇಳಿದಳು. ‘ನಾನು ಯಾವತ್ತೂ ಸುಳ್ಳು ಹೇಳಿಲ್ಲವಂತೆ.’ ಅರ್ಜಿ ವಜಾ ಆಯಿತು. ಮಾರನೆಯ ಬೆಳಿಗ್ಗೆ ಅವಳು ಕೆಲಸಕ್ಕೆ ಹೋಗಿ, ಅವನು ಬಿಟ್ಟುಹೋದ ಕೋಣೆಯ ಹಾಸಿಗೆಯ ಬಟ್ಟೆ ಬದಲಿಸಿದಳು.

ಹದಿನಾಲ್ಕು ತಿಂಗಳ ಮೇಲೆ ಯಾಕಪ್ಪ ತೀರಿಕೊಂಡ. ತನ್ನ ಬೂದಿಯನ್ನು ಡೇರೆ ಹಾಕಿದ್ದ ಹೊಳೆಯ ದಂಡೆಯಲ್ಲೇ ಹೂಳಬೇಕೆಂದು ಬರೆದಿಟ್ಟಿದ್ದನಂತೆ. ಇಲಾಖೆ ಒಂದೇ ವಾರದಲ್ಲಿ ಒಪ್ಪಿಗೆ ಕೊಟ್ಟಿತು. ಅವನ ಮಗ, ಇಬ್ಬರು ಶಿಷ್ಯರು, ಕೆತ್ತಿಸಿದ ಒಂದು ಕಲ್ಲು, ಎಲ್ಲ ಬಂದವು. ಪುಸ್ತಕದ ಹೆಣ್ಣು ಜೊತೆಗಿದ್ದರೆ ಚೆನ್ನ ಎಂದು ಮಗನಿಗೆ ಅನ್ನಿಸಿ, ದೊಡ್ಡಮ್ಮನಿಗೂ, ಅವಳ ಕೈ ಹಿಡಿದು ನಡೆಸಲು ನನಗೂ, ಒಂದು ದಿನದ ಪಾಸು ಸಿಕ್ಕಿತು. ಪಾಸಿನಲ್ಲಿ ಅವಳ ಹೆಸರಿನ ಮುಂದೆ ‘ಪ್ರವಾಸಿ’ ಎಂದಿತ್ತು.

ಗುಂಡಿ ತೋಡಿದರು, ಬೂದಿಯಿಟ್ಟರು, ಸಿಮೆಂಟು ಹಾಕಿ ಕಲ್ಲು ನಿಲ್ಲಿಸಿದರು. ಕಲ್ಲಿನ ಮೇಲೆ ಅವನ ಹೆಸರು, ಕೆಳಗೆ ‘ತನ್ನ ಜನರ ನಡುವೆ’. ನಾನು ಅದನ್ನು ಎರಡು ಸಲ ಓದಿದೆ. ದೊಡ್ಡಮ್ಮನಿಗೆ ಓದಿ ಹೇಳೋಣವೆಂದು ತಿರುಗಿದರೆ ಅವಳು ಪಕ್ಕದಲ್ಲಿಲ್ಲ.

ಗುಡ್ಡ ಹತ್ತುತ್ತಿದ್ದಳು. ಮೊಣಕಾಲು ಹಿಡಿದುಕೊಂಡು, ಗಿಡ ಹಿಡಿದುಕೊಂಡು, ಒಮ್ಮೆಯೂ ದಾರಿ ಹುಡುಕದೆ. ನಾನು ಏದುಸಿರು ಬಿಡುತ್ತ ಹಿಂದೆ ಹೋದೆ. ಮದುವೆಯಾಗದ ನನ್ನನ್ನು ಅವಳು ಬೇಡ ಅನ್ನಲಿಲ್ಲ. ಮೇಲೆ ಸಮತಟ್ಟಾದ ಒಂದು ಕಡೆ ಕೂತು, ತರಗೆಲೆಯ ಕೆಳಗೆ ಬೆರಳು ತೂರಿಸಿ ತಡಕಾಡಿದಳು. ಸಿಕ್ಕಿತು. ಮುಷ್ಟಿಗಿಂತ ಚಿಕ್ಕ, ನುಣ್ಣನೆಯ ಕಲ್ಲು. ಕೀಳಲಿಲ್ಲ, ಸುಮ್ಮನೆ ಮೇಲೆ ಅಂಗೈ ಇಟ್ಟಳು. ಇನ್ನೊಂದು ಕಲ್ಲು ಒಂದು ಮೊಳ ಆಚೆಗಿತ್ತು. ಅಷ್ಟೇ ಉದ್ದ.

ಕೆಳಗಿನಿಂದ ಗಾರ್ಡು ಕೂಗಿದ. ‘ಏ ಅಜ್ಜಿ, ಅಲ್ಲೇನಿದೆ?’

ನಾನು ಬಾಯಿ ತೆರೆದೆ. ಎಲ್ಲವನ್ನೂ ಕಿರುಚಿ ಹೇಳಿ, ಆ ಮಗನನ್ನೂ ಶಿಷ್ಯರನ್ನೂ ಕೈಹಿಡಿದು ಎಳೆತಂದು ತೋರಿಸಬೇಕು ಅನ್ನಿಸಿತ್ತು. ದೊಡ್ಡಮ್ಮ ನನ್ನ ಮಣಿಕಟ್ಟು ಹಿಡಿದು ಒತ್ತಿದಳು. ಇನ್ನೊಂದು ಕೈಯಿಂದ ಎಲೆಗಳನ್ನು ಮೊದಲಿದ್ದ ಹಾಗೆ ಎಳೆದಳು.

‘ಏನಿಲ್ಲಪ್ಪ’ ಅಂದಳು. ‘ಕಾಲು ನೋವು. ಸ್ವಲ್ಪ ಕೂತಿದ್ದೆ.’