ಡೆಸ್ಕಿನಡಿಯ ಗುಹೆ

ಒಂದು ಕಾಲಕ್ಕೆ ಚಿಂತಾಮಣಿಯ ಅಂಗಡಿ ಬೋರ್ಡುಗಳಲ್ಲಿ ಅರ್ಧದಷ್ಟು ನಲ್ಲಪ್ಪ ಬರೆದವೇ. ಕನ್ನಡ, ತೆಲುಗು, ಉರ್ದು ಮೂರರಲ್ಲೂ ಅವರ ಕೈ ಸಲೀಸು. ಫ್ಲೆಕ್ಸ್ ಬಂದು ಆ ಕೆಲಸ ನಿಂತ ಮೇಲೆ ಖಾಸಗಿ ಶಾಲೆಯೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರಾದರು. ಹದಿಮೂರು ವರ್ಷವಾಯಿತು. ದಿನಕ್ಕೊಮ್ಮೆಯಾದರೂ ಅಲ್ಲಿ ಅವರ ತಲೆ ಕೆಡುತ್ತದೆ.

ಹೋದ ಜುಲೈನಲ್ಲಿ ಕೆಟ್ಟದ್ದು ಆದಿಮಾನವನ ದೆಸೆಯಿಂದ. ಐದನೇ ತರಗತಿಗೆ ಗುಹಾಚಿತ್ರದ ಚಟುವಟಿಕೆ ಮಾಡಿಸಿ ಎಂದು ಕೋಆರ್ಡಿನೇಟರ್ ಭಾನುಪ್ರಿಯಾ ಒಂದು ಕಟ್ಟು ಹಾಳೆ ಕೊಟ್ಟರು. ಎಲ್ಲದರಲ್ಲೂ ಅದೇ ಕಾಡೆಮ್ಮೆ, ಅಚ್ಚು ಹಾಕಿದ್ದು.

"ಇದ್ರಲ್ಲಿ ಮಕ್ಳು ಬರೆಯೋದೇನಿದೆ ಮೇಡಂ?"

"ಗೆರೆ ದಾಟದ ಹಾಗೆ ಬಣ್ಣ ತುಂಬಿಸಿ ಸಾರ್, ಸಾಕು. ಪೇರೆಂಟ್ಸ್ ಗ್ರೂಪಿಗೆ ಫೋಟೋ ನೀಟಾಗಿ ಬರ್ಬೇಕು."

ನಲ್ಲಪ್ಪ ಕಟ್ಟನ್ನು ಬೀರುವಿಗೆ ತುರುಕಿದರು. ಮರುದಿನ ಮನೆಯಿಂದ ಇದ್ದಿಲು, ಕೈವಾರದ ಕಡೆಯಿಂದ ಕೆಮ್ಮಣ್ಣು ತಂದರು. ಡೆಸ್ಕುಗಳ ಅಡಿಗೆ ಕಂದು ಕಾಗದ ಅಂಟಿಸಿ, ಕಿಟಕಿ ಮುಚ್ಚಿ, ಮಕ್ಕಳನ್ನು ಕೆಳಗೆ ಅಂಗಾತ ಮಲಗಿಸಿದರು.

"ಇದೇ ಗುಹೆ ಕಣ್ರಪ್ಪ. ನೀವು ಕಂಡಿರೋದು ಬರೀರಿ."

ಹತ್ತು ನಿಮಿಷ ಇದ್ದಿಲು ಕೆರೆಯುವ ಸದ್ದು ಬಿಟ್ಟರೆ ಏನೂ ಇಲ್ಲ. ಸೀಮೆಹಸು, ಹಲ್ಲಿ, ಟೊಮೆಟೊ ಲಾರಿ ಮೂಡಿದವು. ಚೈತನ್ಯ ಎಂಬ ಹುಡುಗಿ ಕೆಮ್ಮಣ್ಣಿನಲ್ಲಿ ಅಂಗೈ ಅದ್ದಿ ಒತ್ತಿ, "ಸಾರ್, ಇದು ನಾನು!" ಎಂದು ಕೂಗಿದಳು. ನಲ್ಲಪ್ಪನಿಗೆ ಎಷ್ಟೋ ದಿನದ ಮೇಲೆ ಖುಷಿಯಾಯಿತು.

ಆಗಲೇ ಭಾನುಪ್ರಿಯಾ ಬಂದು ಲೈಟು ಹಾಕಿದರು. "ಏನ್ ಸಾರ್ ಇದು? ಬರೀ ಕಾಲು ಕಾಣ್ತಿವೆ. ಫೋಟೋ ಹೆಂಗ್ ತೆಗೀಲಿ?"

ಮಕ್ಕಳು ಎದ್ದು ಹೊರಬಂದರು. ಅಂದು ಬುಧವಾರ, ಬಿಳಿ ಯೂನಿಫಾರಂ ದಿನ ಎಂಬುದು ನಲ್ಲಪ್ಪನಿಗೆ ಹೊಳೆದದ್ದು ಆಗಲೇ. ಮೂವತ್ತನಾಲ್ಕು ಮಕ್ಕಳನ್ನೂ ನಲ್ಲಿಯ ಹತ್ತಿರ ಸಾಲು ನಿಲ್ಲಿಸಿ ತಾವೇ ತೊಳೆದರು. ಉಜ್ಜಿದಷ್ಟೂ ಕೆಂಪು ಹರಡಿತು.

ಸಂಜೆ ಗೇಟಿನಲ್ಲಿ ಒಬ್ಬ ತಂದೆ ಅಡ್ಡ ನಿಂತು ತೆಲುಗು ಬೆರೆಸಿ ರೇಗಿದರು. "ಏಂದಿ ಸಾರ್ ಇದಿ? ಓದಕ್ಕೆ ಕಳ್ಸಿದ್ರೆ ಮಗು ಮಣ್ಣಾಗಿ ಬರ್ತೈತೆ!"

"ಆದಿಮಾನವನ ಪಾಠ ಸಾರ್."

"ಆದಿಮಾನವ ಯೂನಿಫಾರಂ ಹಾಕ್ಕೊಂತಿದ್ನಾ?"



ಮರುದಿನ ಬೀರುವಿನಿಂದ ಕಾಡೆಮ್ಮೆಗಳು ಹೊರಬಂದವು. "ಸಾರ್, ಇದನ್ನ ನಾನು ನೋಡೇ ಇಲ್ಲ" ಎಂದಳು ಚೈತನ್ಯ.

"ನಾನೂ ನೋಡಿಲ್ಲಮ್ಮ. ತುಂಬು."

ಫೋಟೋ ನೀಟಾಗಿ ಬಂತು. ಡೆಸ್ಕಿನಿಂದ ಕಿತ್ತ ಕಾಗದಗಳನ್ನು ಬಿಸಾಡಲು ಮನಸ್ಸಾಗದೆ ಸುರುಳಿ ಸುತ್ತಿ ಮನೆಗೆ ಒಯ್ದರು. ಸೋಮವಾರ ಮುಂದಿನ ಪಾಠಕ್ಕೆಂದು ಈಜಿಪ್ಟಿನ ಹಾಳೆಗಳ ಕಟ್ಟು ಬಂದಾಗ ನಲ್ಲಪ್ಪ ಬಿಚ್ಚಿ ನೋಡುವ ಗೋಜಿಗೂ ಹೋಗದೆ ಬಣ್ಣ ತುಂಬಲು ಮಕ್ಕಳ ಕೈಗೇ ಕೊಟ್ಟರು.