ನೀರಿನ ತಾಕು

"ಅತ್ತೆ, ಈ ಹಳೇ ಪುಸ್ತಕ ರದ್ದಿಗೆ ಹಾಕ್ಲಾ?"

ಸೊಸೆ ಟ್ರಂಕಿನೊಳಗೆ ತಲೆ ತೂರಿಸಿಕೊಂಡು ಕೇಳಿದ್ದೇ ತಡ, ಗೂಟದಕ್ಕ ಮಂಡಿನೋವು ಮರೆತು ಎದ್ದು ಬಂದಳು. "ಅಯ್ಯೋ, ಮುಟ್ಟಬೇಡ ಕಣೆ! ಇಡು ಅಲ್ಲೇ!"

ಸೊಸೆ ಇಡಲಿಲ್ಲ. ಅಕ್ಷರ ಬಾರದ ಅತ್ತೆಗೆ ಪುಸ್ತಕದ ಮೇಲೆ ಇದೆಂಥ ಮೋಹ ಅಂತ ಅವಳಿಗೆ ಕುತೂಹಲ.

ಗೂಟದಕ್ಕನಿಗೆ ಬರುತ್ತಿದ್ದುದು ಅಂಕಿ ಮಾತ್ರ, ಅದೂ ಗೋಧಿ ಸಂಶೋಧನಾ ಕೇಂದ್ರದಲ್ಲಿ ಹೊಲದ ತಾಕುತಾಕಿಗೂ ನಂಬರಿನ ಗೂಟ ಹೊಡೆದು ಕಲಿತದ್ದು. ಮಳೆ ಅಪರೂಪದ ಆ ಬಯಲಿನಲ್ಲಿ ಪ್ರಯೋಗಕ್ಕೆಂದು ಗೋಧಿಯನ್ನು ಬೇರೆ ಬೇರೆ ತಾಕಿನಲ್ಲಿ ಮೂರು ಸಲ ಬಿತ್ತುತ್ತಿದ್ದರು: ನೆಲದ ಹಸಿ ಆರುವ ಮೊದಲು ಒಮ್ಮೆ, ಎರಡು ವಾರ ಬಿಟ್ಟು ಒಮ್ಮೆ, ತಿಂಗಳು ಕಳೆದು ಒಮ್ಮೆ. ಕೊನೆಯದರ ಪಾಡು ಕೇಳಬೇಡಿ. ಕಾಳು ಕಟ್ಟುವ ಹೊತ್ತಿಗೆ ಬಿಸಿಲು ಬಂದು ಹಿಂಡಿಬಿಡುತ್ತಿತ್ತು. ಆ ಬಿಸಿಲು ತಡೆಯಲೆಂದೇ, ಕೇಂದ್ರದಲ್ಲಿ ಕೆಲಸ ಮಾಡುತ್ತಲೇ ಓದುತ್ತಿದ್ದ ಚಿಕ್ಕ ಮೇಡಂ ಬೆಳವಣಿಗೆ ಹದ ಮಾಡುವ ಔಷಧ ತಂದಿದ್ದರು. ಅರ್ಧ ತಾಕುಗಳಿಗೆ ಔಷಧ, ಉಳಿದರ್ಧಕ್ಕೆ ಬರೀ ನೀರು. ಎರಡನ್ನೂ ಹೋಲಿಸಿ ನೋಡಿದರೆ ತಾನೇ ಔಷಧದ ಗುಣ ಗೊತ್ತಾಗುವುದು! ಮೇಡಂ ಓದು, ಡಿಗ್ರಿ ಎಲ್ಲ ಅದರ ಮೇಲೇ ನಿಂತಿತ್ತು.

ಸಿಂಪಡಿಸುವ ಕೆಲಸ ಗೂಟದಕ್ಕನದು. ಎಂಥ ದಿನಗಳವು! ಬೆನ್ನಿಗೆ ಕ್ಯಾನು, ಕಾಲಡಿ ಮಂಜು ಕುಡಿದ ಪೈರು, ಬದುವಿನ ಮೇಲೆ ಮೇಡಂ ಜೊತೆ ಒಂದೇ ಡಬ್ಬಿಯ ಊಟ. ಆದರೆ ತಡವಾಗಿ ಬಿತ್ತಿದ ನೀರಿನ ತಾಕು ಕಂಡರೆ ಅವಳ ಕರುಳು ಚುರುಕ್ ಎನ್ನುತ್ತಿತ್ತು. ಏಳು ಮಕ್ಕಳಲ್ಲಿ ಕೊನೆಯವಳು ಅವಳು. ತಟ್ಟೆಗೆ ಬೀಳುತ್ತಿದ್ದುದು ತಳ ಹತ್ತಿದ್ದು, ಮೈಗೆ ಬರುತ್ತಿದ್ದುದು ಅಕ್ಕಂದಿರು ಬಿಟ್ಟದ್ದು. 'ಪಾಪ, ಹುಟ್ಟಿದ್ದೇ ತಡ, ಮೇಲೆ ಇದಕ್ಕೆ ಬರೀ ನೀರಾ?' ಎಂದುಕೊಂಡು ಒಂದು ಬೆಳಿಗ್ಗೆ ಆ ನೀರಿನ ಕ್ಯಾನಿಗೂ ಅಳತೆ ಮುಚ್ಚಳದ ತುಂಬ ಔಷಧ ಸುರಿದುಬಿಟ್ಟಳು. ಪುಣ್ಯ ಕಟ್ಟಿಕೊಂಡೆ ಅಂತ ಬೀಗಿದಳು ಬೇರೆ!

ಸುಗ್ಗಿಯಾಯಿತು. ತಗಡಿನ ತಟ್ಟೆಯಲ್ಲಿ ಸಾವಿರ ಕಾಳು ಎಣಿಸಿ ತೂಗಿದರು. ಔಷಧದ ತಾಕಿನದೂ ನೀರಿನ ತಾಕಿನದೂ ಒಂದೇ ತೂಕ. ಮೇಡಂ ಮುಖ ಬಾಡಿತು. "ಔಷಧ ದಂಡ ಅಕ್ಕ. ಕೆಲಸಕ್ಕೆ ಬರಲ್ಲ ಅಂತ ಬರೆದುಬಿಡ್ತೀನಿ."

ಆಗ ಗೂಟದಕ್ಕನಿಗೆ ತಾನು ಮಾಡಿದ್ದೇನೆಂದು ಹೊಳೆಯಿತು. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೂ ಹೇಳಿಯೇ ಬಿಟ್ಟಳು. "ಬರೀಬೇಡಿ ಮೇಡಂ. ನೀರಿಗೂ ನಾನೇ ಔಷಧ ಹಾಕ್ದೆ. ಪಾಪ ಅನ್ನಿಸ್ತು."

ಮೇಡಂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು! ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡರು. ಅವರ ಓದಿಗೆ ಒಂದು ವರ್ಷ ಹೆಚ್ಚಾಯಿತು. ಮರುವರ್ಷ ಮತ್ತೆ ಬಿತ್ತಿದಾಗ ನೀರಿನ ಕ್ಯಾನನ್ನು ಅವಳ ಬೆನ್ನಿಗೇ ಏರಿಸಿದರು. ಈ ಸಲ ಕಾಳಿನ ತೂಕದಲ್ಲಿ ವ್ಯತ್ಯಾಸ ಎದ್ದು ಕಂಡಿತು. ಅದನ್ನೆಲ್ಲ ಬರೆದು ಪುಸ್ತಕ ಮಾಡಿಸುವಷ್ಟರಲ್ಲಿ ಮೇಡಂಗೆ ಬೇರೆ ಊರಿಗೆ ವರ್ಗವಾಯಿತು. ಹೊರಡುವಾಗ ಈ ಪುಸ್ತಕ ಕೊಟ್ಟು, ಒಂದು ಕಡೆ ಪೆನ್ಸಿಲ್ ಗೀಟು ಹಾಕಿ, "ಯಾರ ಕೈಲಾದ್ರೂ ಓದಿಸ್ಕೊಳ್ಳಿ ಅಕ್ಕ" ಅಂದಿದ್ದರು.

ಗೂಟದಕ್ಕ ಓದಿಸಲಿಲ್ಲ. ತನ್ನ ತಪ್ಪನ್ನೇ ಅಚ್ಚು ಹಾಕಿಸಿದ್ದಾರೆ, ಇನ್ನೇನಿರುತ್ತದೆ ಅಂತ ಟ್ರಂಕಿನ ತಳಕ್ಕೆ ಸೇರಿಸಿದಳು. ಗಂಡನಿಗೂ ತೋರಿಸಲಿಲ್ಲ, ಮಗನಿಗೂ ತೋರಿಸಲಿಲ್ಲ.

"ಇಲ್ಲೊಂದು ಗೀಟಿದೆ ಅತ್ತೆ," ಎಂದಳು ಸೊಸೆ.

"ಗೊತ್ತು. ನಿನ್ನತ್ತೆ ಮಾಡಿದ ಘನಂದಾರಿ ಕೆಲಸ. ಓದು, ಇಷ್ಟು ವಯಸ್ಸಾದ ಮೇಲೆ ಇನ್ನೆಂಥ ಮಾನ."

ಸೊಸೆ ಓದಿದಳು: "ಒಂದು ವರ್ಷದ ಫಲಿತಾಂಶವನ್ನು ಕೈಬಿಟ್ಟಿದ್ದೇನೆ. ತಪ್ಪಾಗಿದೆಯೆಂದು ಸಿಂಪಡಿಸಿದ ಅಕ್ಕ ತಾವೇ ಬಂದು ಹೇಳಿದರು. ಅವರು ಹೇಳದೆ ಹೋಗಿದ್ದರೆ ಒಳ್ಳೆಯ ಔಷಧವೊಂದನ್ನು ದಂಡವೆಂದು ಬರೆದಿರುತ್ತಿದ್ದೆ. ಈ ಪುಸ್ತಕದ ಉಳಿದ ಅಂಕಿಗಳನ್ನು ನಾನು ನಂಬಿರುವುದು ಅವರನ್ನು ನಂಬಿ."

ಗೂಟದಕ್ಕ ಗೂಡಿನಲ್ಲಿದ್ದ ಕನ್ನಡಕವನ್ನು ತಡಕಾಡಿ ತೆಗೆದು, ಸೆರಗಿನಿಂದ ಒರೆಸಿ, ಮೂಗಿಗೇರಿಸಿಕೊಂಡು ಸೊಸೆಯ ಪಕ್ಕ ಕೂತಳು.

"ಇನ್ನೊಂದ್ಸಲ ಓದೇ," ಎಂದಳು. "ನಿಧಾನಕ್ಕೆ."