ಆರು ರೆಕ್ಕೆಯ ಫ್ಯಾನು

ಅಮ್ಮನ ಬಲಗೈ ಭುಜದಿಂದ ಮೇಲೆ ಏಳುವುದು ನಿಂತ ವರ್ಷ, ಮನೆಯ ಭತ್ತ ಕುಟ್ಟುವ ಕೆಲಸ ಪೂರ್ತಿ ನನ್ನ ಪಾಲಿಗೆ ಬಂತು. ಭತ್ತ ಬೇಯಿಸಬೇಕು, ಒಣಗಿಸಬೇಕು, ಒನಕೆಯಿಂದ ಕುಟ್ಟಬೇಕು, ಗೆರಸೆಯಲ್ಲಿ ಕೇರಬೇಕು, ಮತ್ತೆ ಕುಟ್ಟಬೇಕು. ಇಷ್ಟೆಲ್ಲ ಮಾಡಿದ ಅಕ್ಕಿ ನಾಲ್ಕು ದಿನಕ್ಕೆ ಸಾಲುತ್ತಿರಲಿಲ್ಲ. ಆಗ ನನಗೆ ಇಪ್ಪತ್ತರ ಆಸುಪಾಸು, ಕೋಪ ಮೂಗಿನ ತುದಿಯಲ್ಲೇ. ಒನಕೆ ಎತ್ತಿ ಹಾಕುವಾಗ ಮನಸ್ಸಿನಲ್ಲಿ ಯಾರ್ಯಾರ ತಲೆಯ ಮೇಲೆ ಹಾಕುತ್ತಿದ್ದೆನೋ, ಹೇಳಿದರೆ ನೀವು ನಗುತ್ತೀರಿ. ಅಮ್ಮ ಪಕ್ಕದಲ್ಲಿ ಕೂತು ಎಡಗೈಯಲ್ಲಿ ಕಲ್ಲು ಆರಿಸುತ್ತ ನನ್ನನ್ನೇ ನೋಡುತ್ತಿದ್ದಳು. ಆ ನೋಟಕ್ಕೂ ನನಗೆ ಸಿಟ್ಟು ಬರುತ್ತಿತ್ತು.

ಸಂಪಾಜೆಯಿಂದ ಘಾಟಿ ರಸ್ತೆಯಲ್ಲಿ ಸ್ವಲ್ಪ ದೂರ ಹತ್ತಿ, ಬಲಕ್ಕೆ ತಿರುಗಿ, ಮರದ ಸೇತುವೆ ದಾಟಿದರೆ ನಮ್ಮ ಊರು. ಅರುವತ್ತರ ದಶಕದ ಮೊದಲ ವರ್ಷಗಳು. ಪುತ್ತೂರಿನ ಒಂದು ಅಕ್ಕಿ ಮಿಲ್ಲಿಗೆ ಕರೆಂಟು ಬಂದು, ಅಲ್ಲಿಯ ಹಳೆಯ ಎಣ್ಣೆ ಇಂಜಿನು ಮೂಲೆ ಸೇರಿತ್ತು. ಅಪ್ಪ ಮತ್ತು ನೆರೆಮನೆಯ ಇಬ್ಬರು ಸೇರಿ ಅದನ್ನೂ ಅದರ ಜೊತೆಗಿದ್ದ ಭತ್ತ ಸುಲಿಯುವ ಯಂತ್ರವನ್ನೂ ಕೊಂಡರು. ಊರಿಗೆ ಮಿಲ್ಲು ಬರುತ್ತದೆಂದು ಕೇಳಿದ ದಿನ ನಾನು ಒನಕೆಯನ್ನು ಮೂಲೆಗೆ ಎಸೆದು, ಅಮ್ಮನಿಂದ ಬೈಗುಳ ತಿಂದೆ.

ತರುವುದು ಹೇಗೆಂದು ಆಮೇಲೆ ಯೋಚನೆ. ಲಾರಿಯನ್ನು ಹೊರುವ ತಾಕತ್ತು ನಮ್ಮ ಮರದ ಸೇತುವೆಗೆ ಇರಲಿಲ್ಲ. ಸುಳ್ಯದಲ್ಲಿದ್ದ ಭಾವ, ಅಂದರೆ ಅಕ್ಕನ ಗಂಡ, ತನ್ನ ಪಿಕಪ್ಪಿಗೆ ಟ್ರೈಲರು ಕಟ್ಟಿ ಎಳೆದು ತರುವೆನೆಂದು ಎದೆ ತಟ್ಟಿಕೊಂಡರು. ಯುದ್ಧಕಾಲದ ಗಾಡಿ ಅದು. ಅಕ್ಕನಿಗಿಂತ ಅದರ ಮೇಲೆಯೇ ಭಾವನಿಗೆ ಪ್ರೀತಿ ಹೆಚ್ಚೆಂದು ನಾನು ಅವರ ಎದುರೇ ಹೇಳುತ್ತಿದ್ದೆ. ಅವರು ಇಲ್ಲವೆನ್ನುತ್ತಿರಲಿಲ್ಲ.

ಮೊದಲ ಸಲ ಘಾಟಿಯ ತಿರುವಿನಲ್ಲೇ ಅದು ಮಂಗಳ ಹಾಡಿತು. ಪಿಕಪ್ಪು ಮೇಲಕ್ಕೆ, ಟ್ರೈಲರು ಕೆಳಕ್ಕೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುವ ಹಾಗೆ. ರೇಡಿಯೇಟರಿನ ನೀರೆಲ್ಲ ಕುದಿದು ಹಬೆಯಾಗಿ ಹೋಯಿತಂತೆ. ಭಾವ ಅಗಲವಿದ್ದಲ್ಲಿ ಹೇಗೋ ಗಾಡಿ ತಿರುಗಿಸಿ ಇಳಿದು, ಸಂಪಾಜೆಯ ಒಬ್ಬ ಅಂಗಡಿಯವರ ಹಿತ್ತಿಲಲ್ಲಿ ಟ್ರೈಲರನ್ನು ಇಂಜಿನಿನ ಸಮೇತ ಬಿಟ್ಟು, ಮೇಲೆ ತೆಂಗಿನ ಮಡಲು ಮುಚ್ಚಿ ಬಂದರು. ರಸ್ತೆಯೇ ಸರಿಯಿಲ್ಲವೆಂದು ದೂರಿದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಾನು ಗೊಣಗಿದೆ.

ನನ್ನ ಸಂಕಟ ನನಗೆ. ಮಳೆಗಾಲ ಹತ್ತಿರ ಬರುತ್ತಿತ್ತು. ಒಮ್ಮೆ ಮಳೆ ಹಿಡಿಯಿತೆಂದರೆ ಸೇತುವೆಯ ಆಚೆಯ ಮಣ್ಣುದಾರಿ ದೀಪಾವಳಿಯವರೆಗೆ ಗಾಡಿಗೆ ಸಿಗುವುದಿಲ್ಲ. ಅಲ್ಲಿಯವರೆಗೆ ಇಂಜಿನಿಗೆ ತುಕ್ಕು, ನನಗೆ ಒನಕೆ.

ನನ್ನ ಗೊಣಗಾಟ ನಾಟಿರಬೇಕು, ಭಾವ ಬಾನೆಟ್ಟು ಎತ್ತಿ ತೋರಿಸಿದರು. "ಏರಿನಲ್ಲಿ ಮೆಲ್ಲ ಹೋಗುವಾಗ ಎದುರಿನ ಗಾಳಿ ಸಿಕ್ಕುದಿಲ್ಲ ಮಾರಾಯ್ತಿ. ರೇಡಿಯೇಟರು ತಣಿಲಿಕ್ಕೆ ಬೇಕಾದ ಗಾಳಿಯನ್ನೆಲ್ಲ ಈ ಫ್ಯಾನೇ ಎಳಿಬೇಕು. ಇಷ್ಟು ಭಾರ ಇರುವಾಗ ನಾಲ್ಕು ರೆಕ್ಕೆ ಎಂತಕ್ಕೂ ಸಾಲುದಿಲ್ಲ."

ಪುತ್ತೂರಿನ ಗುಜರಿಯಲ್ಲಿ ಅಪಘಾತವಾದ ಒಂದು ಲಾರಿಯ ಫ್ಯಾನು ಸಿಕ್ಕಿತು. ಆರು ರೆಕ್ಕೆ, ಒಂದೊಂದೂ ನನ್ನ ಅಂಗೈಗಿಂತ ಅಗಲ. ಅದರ ತೂತು ಪಿಕಪ್ಪಿನ ಬೋಲ್ಟಿಗೆ ಕೂರದೆ, ಲೇತಿನವರ ಹತ್ತಿರ ನಡುವೆ ಕೂರಿಸುವ ಬಿಲ್ಲೆ ಮಾಡಿಸಬೇಕಾಯಿತು. ಬಿಲ್ಲೆ ಹಾಕಿದ ಮೇಲೆ ಫ್ಯಾನು ಮುಂದೆ ಬಂದು ರೇಡಿಯೇಟರಿಗೆ ತಾಗಿತು. ಹಲಸಿನ ಮರದ ತುಂಡು ಕೊಟ್ಟು ರೇಡಿಯೇಟರನ್ನೇ ಎರಡು ಬೆರಳು ಮುಂದೆ ತಳ್ಳಿದರು. ಗಾಳಿ ಅಕ್ಕಪಕ್ಕ ಪೋಲಾಗಬಾರದೆಂದು ಸೀಮೆಎಣ್ಣೆ ಡಬ್ಬ ಬಿಚ್ಚಿ, ಫ್ಯಾನಿನ ಸುತ್ತ ತಗಡಿನ ಬಳೆಯನ್ನೂ ಕಟ್ಟಿದರು. ಬಸ್ಸಿನಲ್ಲಿ ಹಾಗೆ ಇರುವುದನ್ನು ಅವರು ನೋಡಿದ್ದರಂತೆ. ಗಾಡಿ ಚಾಲೂ ಮಾಡಿದರೆ ಅಂಗಳದ ತರಗೆಲೆಯೆಲ್ಲ ಎದ್ದು ಓಡಿತು. ನಾನು ಮೊದಲ ಬಾರಿಗೆ ಭಾವನನ್ನು ಹೊಗಳಿದೆ.

ಎರಡನೆಯ ಸಲ ನಾನೂ ಅಮ್ಮನೂ ಗಾಡಿಯಲ್ಲಿದ್ದೆವು. ಅಮ್ಮನನ್ನು ಸುಳ್ಯದ ಡಾಕ್ಟರಿಗೆ ತೋರಿಸಿ ಬರುತ್ತಿದ್ದೆವು. ಈ ಕೈ ಮೊದಲಿನಂತೆ ಏಳಲಾರದು, ಇನ್ನಷ್ಟು ಕೆಡದಂತೆ ನೋಡಿಕೊಳ್ಳಿ ಎಂದಿದ್ದರು ಡಾಕ್ಟರು. ಅಮ್ಮ ಸರಿ ಎಂದು ಸೆರಗು ಹೊದ್ದು ಎದ್ದಿದ್ದಳು. ಸಂಪಾಜೆಯಲ್ಲಿ ಟ್ರೈಲರು ಕಟ್ಟಿಕೊಂಡೆವು. ಇಂಜಿನಿನ ದೊಡ್ಡ ಚಕ್ರಗಳನ್ನು ಬಿಚ್ಚಿ ಪಿಕಪ್ಪಿನ ಹಿಂದೆ ಹಾಕಿ, ಟ್ರೈಲರಿನ ಭಾರ ಇಳಿಸಿದ್ದಾಯಿತು. ನಿಂತಲ್ಲಿ ಹಾರಿ ಇಳಿದು ಟ್ರೈಲರಿನ ಚಕ್ರದ ಹಿಂದೆ ಮರದ ತುಂಡು ಕೊಡುವುದು ನನ್ನ ಕೆಲಸ.

ಹಿಂದಿನ ಸಲ ಗಾಡಿ ನಿಂತ ತಿರುವನ್ನು ದಾಟಿದೆವು. ಭಾವ ಮೀಸೆ ತಿರುವುವಷ್ಟರಲ್ಲಿ ಮುಂದಿನ ತಿರುವಿನಲ್ಲಿ ರೇಡಿಯೇಟರಿನ ಮುಚ್ಚಳ ಶಿಳ್ಳೆ ಹಾಕಿತು, ಹಬೆ ಎದ್ದಿತು. ನಾನು ಇಳಿದು ಚಕ್ರಕ್ಕೆ ತುಂಡು ಕೊಟ್ಟು ಮುಂದೆ ಬಂದೆ. ಆರು ರೆಕ್ಕೆಯ ಫ್ಯಾನು ಹಾಕಿಯೂ ಇದೇ ಹಣೆಬರಹ. ಭಾವ ಬೆವರು ಒರೆಸಿಕೊಂಡು, ಮಳೆ ಕಳೆದ ಮೇಲೆ ನೋಡುವ ಎಂದರು. ಆ ಮಾತಿಗೆ ನನ್ನ ಸಿಟ್ಟು ನೆತ್ತಿಗೇರಿತು. ಎದುರಿಗೆ ಕಂಡದ್ದು ಗಾಡಿಯ ಮೂತಿಗೆ, ರೇಡಿಯೇಟರಿನ ಮುಂದೆ ಅಡ್ಡವಾಗಿ ಬಿಗಿದಿದ್ದ ಒದ್ದೆ ಗೋಣಿಚೀಲ. ಘಾಟಿ ಹತ್ತುವ ಹಳೆಯ ಗಾಡಿಗಳಿಗೆ ಹಾಗೆ ಕಟ್ಟುವುದು ನಮ್ಮಲ್ಲಿ ರೂಢಿ. ಜ್ವರ ಬಂದವರ ಹಣೆಗೆ ಒದ್ದೆ ಬಟ್ಟೆ ಹಾಕುವುದಿಲ್ಲವೇ, ಹಾಗೆ.

"ಮೂಗಿಗೆ ಬಟ್ಟೆ ಕಟ್ಟಿ ಗುಡ್ಡೆ ಹತ್ತಿಸುದಾ ಭಾವ ನೀವು?" ಎಂದು ಕೇಳಿದೆ.

ತಿಳಿದು ಆಡಿದ ಮಾತಲ್ಲ ಅದು, ಬರೀ ಸಿಟ್ಟು. ಯಾರನ್ನಾದರೂ ಬೈಯಬೇಕಿತ್ತು, ಗೋಣಿ ಸಿಕ್ಕಿತು. ಎಲ್ಲರೂ ಕಟ್ಟುವುದೇ ಹಾಗೆ, ಕಟ್ಟದೆ ಹತ್ತಿದವರು ಯಾರು ಉಂಟು ಎಂದು ಭಾವ ವಾದಿಸಿದರು. ಆದರೂ ಅವರ ಕಣ್ಣು ಗೋಣಿಯ ಮೇಲೆಯೇ ನಿಂತಿತ್ತು. ಒಳಗಿನಿಂದ ಫ್ಯಾನು ಎಷ್ಟು ಎಳೆದರೂ, ಹೊರಗೆ ಬಾಗಿಲು ಹಾಕಿದ ಹಾಗೆ ಅದು ಅಂಟಿಕೊಂಡಿತ್ತು.

ಸೀಟಿನಿಂದಲೇ ಅಮ್ಮ ಹೇಳಿದಳು: "ಬಿಚ್ಚಿ ನೋಡುವ. ಹೋದರೆ ಒಂದು ಗೋಣಿ."

ಭಾವ ತಾವೇ ಬಿಚ್ಚಿದರು. ಗಾಡಿ ತಣಿಯುವವರೆಗೆ ಕಾದು, ಕೆಳಗಿನ ಹೊಳೆಯಿಂದ ನೀರು ಹೊತ್ತು ತಂದು ಹೊಯ್ದೆವು. ಆಮೇಲಿನ ಏರಿನಲ್ಲಿ ನಾವು ಮೂವರೂ ಮುಚ್ಚಳದ ಸದ್ದಿಗೇ ಕಿವಿ ಕೊಟ್ಟು ಕೂತೆವು. ಫ್ಯಾನಿನ ಮೊರೆತ ಒಂದೇ. ಒಂದು ತಿರುವು ದಾಟಿತು, ಇನ್ನೊಂದು ದಾಟಿತು, ಮುಚ್ಚಳ ಸದ್ದೆತ್ತಲಿಲ್ಲ. ಬಲಕ್ಕೆ ತಿರುಗುವ ಜಾಗ ಬಂದಾಗ ಭಾವ ಗಾಡಿಯನ್ನು ನಿಲ್ಲಿಸಲೇ ಇಲ್ಲ, ನಿಂತರೆ ದೃಷ್ಟಿಯಾದೀತೆಂದು ಹೆದರಿದವರ ಹಾಗೆ ನೇರ ಸೇತುವೆ ದಾಟಿಸಿಬಿಟ್ಟರು.

ಮೊದಲ ಮಳೆ ಬೀಳುವಾಗ ಮಿಲ್ಲಿಗೆ ಮಾಡು ಹೊದಿಸಿ ಆಗಿತ್ತು. ಇಂಜಿನು ಟಕಟಕ ಎನ್ನತೊಡಗಿದ ದಿನ ಊರಿನ ಹೆಂಗಸರೆಲ್ಲ ಭತ್ತದ ಕುಕ್ಕೆ ಹೊತ್ತು ಬಂದರು. ಮಿಲ್ಲಿನ ಅಕ್ಕಿಗೆ ರುಚಿ ಇಲ್ಲವೆಂದು ಕೆಲವು ಹಿರಿಯರು ಮುಖ ಹುಳಿ ಮಾಡಿದರು. ಹಾಗೆ ಹೇಳಿದವರಲ್ಲಿ ಒಬ್ಬರೂ ಒನಕೆ ಹಿಡಿದವರಲ್ಲ.

ನಮ್ಮ ಭತ್ತ ಅಕ್ಕಿಯಾಗಿ ಬೀಳುವುದನ್ನು ನೋಡುತ್ತ ನನಗೆ ಸಂತೋಷದ ನಡುವೆಯೇ ಮತ್ತೆ ಸಿಟ್ಟು ಬಂತು. ಇದು ಎರಡು ವರ್ಷ ಮೊದಲೇ ಬಂದಿದ್ದರೆ ನಿನ್ನ ಕೈ ಉಳಿಯುತ್ತಿತ್ತಲ್ಲ, ಬೇಕಾದವಳಿಗೇ ತಡವಾಯಿತಲ್ಲ ಎಂದೆ ಅಮ್ಮನಿಗೆ.

ಅಮ್ಮ ಎಡಗೈಯಿಂದ ನನ್ನ ಕೈ ಹಿಡಿದು ಅಂಗೈ ಬಿಡಿಸಿದಳು. ಅಲ್ಲಿ ಒನಕೆಯ ಜಡ್ಡು ಸಾಲಾಗಿ ಕೂತಿತ್ತು. ಒಂದೊಂದನ್ನೇ ಹೆಬ್ಬೆರಳಿನಿಂದ ಒತ್ತಿ ನೋಡಿದಳು.

"ಎಂತ ತಡ?" ಎಂದಳು. "ಇದು ಇನ್ನು ಮೆತ್ತಗಾಗ್ತದೆ. ನಾನು ಕಾದದ್ದು ಇದಕ್ಕೇ."

ಇಂಜಿನಿನ ಸದ್ದಿನಲ್ಲಿ ನಾನು ಅತ್ತದ್ದು ಯಾರಿಗೂ ಕೇಳಿಸಲಿಲ್ಲ. ಆ ಮಳೆಗಾಲ ಮುಗಿಯುವಷ್ಟರಲ್ಲಿ ಜಡ್ಡು ಹೋಗಿತ್ತು.